ಪಕ್ಕದ ಕೋಣೆಯಲ್ಲಿ ಯಾರಿದ್ದರು?

"ಕುಟುಂಬಕ್ಕೂ ಸೇವೆಗೂ ತಮ್ಮ ಬದುಕನ್ನೇ ಮುಡಿಪಾಗಿಟ್ಟವರು."

ಈ ವಾಕ್ಯವನ್ನು ನಾವೆಲ್ಲ ಎಷ್ಟು ಸಲ ಓದಿಲ್ಲ ಹೇಳಿ? ನಿವೃತ್ತಿಯ ಫ್ಲೆಕ್ಸ್ ಬ್ಯಾನರಿನಲ್ಲಿ, ಪೇಪರಿನ ಶ್ರದ್ಧಾಂಜಲಿ ಕಾಲಮ್ಮಿನಲ್ಲಿ, ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಮೇಷ್ಟ್ರಿಗೂ ಇದೇ, ಡಾಕ್ಟರಿಗೂ ಇದೇ, ಪಂಚಾಯ್ತಿ ಸೆಕ್ರೆಟರಿಗೂ ಇದೇ. ಓದೋಕೆ ಚೆನ್ನಾಗಿದೆ. ಆದರೆ ನನಗೆ ಯಾವಾಗಲೂ ಅದರಲ್ಲಿರೋ ಆ ಎರಡು "ಊ"ಗಳ ಮೇಲೇ ಕಣ್ಣು. ಕುಟುಂಬಕ್ಕೂ, ಸೇವೆಗೂ. ಎರಡೂ ಜಗಳ ಆಡದೆ ಒಂದೇ ಬೆಂಚಿನ ಮೇಲೆ ಕೂತಿರೋ ಹಾಗೆ ಬರೆದಿರ್ತಾರೆ. ದಿನಕ್ಕೆ ಎಲ್ಲರಿಗೂ ಇರೋದು 24 ಗಂಟೆ. ಒಂದು ಕಡೆ ಹೆಚ್ಚು ಕೊಟ್ಟರೆ ಇನ್ನೊಂದು ಕಡೆ ಕಡಿಮೆ ಆಗಲೇಬೇಕು. ಹಾಗಾದರೆ ಕಡಿಮೆ ಆಗಿದ್ದನ್ನು ತುಂಬಿದವರು ಯಾರು?

ನಮ್ಮ ಹಿರಿಯರು ಇದಕ್ಕೆ ಎರಡು ಗಾದೆ ಮಾಡಿಟ್ಟಿದ್ದಾರೆ. "ಮನೆ ಗೆದ್ದು ಮಾರು ಗೆಲ್ಲು" ಅಂತ ಒಂದು. "ಮನೆಗೆ ಮಾರಿ, ಪರರಿಗೆ ಉಪಕಾರಿ" ಅಂತ ಇನ್ನೊಂದು. ಮೊದಲನೆಯದು ಬುದ್ಧಿವಾದ, ಎರಡನೆಯದು ಬೈಗುಳ. ಇವೆರಡರ ನಡುವೆ ಎಲ್ಲೋ ಒಂದು ಕಡೆ ನಾವೆಲ್ಲ ಓಡಾಡ್ತಿರ್ತೀವಿ.

ಈ ವಾರ ಈ ಪ್ರಶ್ನೆಯನ್ನು ಹಿಡಿದುಕೊಂಡು ಹೊರಟಿದ್ದು ಸ್ವಲ್ಪ ಬೇರೆ ದಾರಿಯಲ್ಲಿ. ಹಳ್ಳಿಯಲ್ಲಿ ಕೆಲಸ ಮಾಡಿದ ಪಾದ್ರಿಗಳ ಬದುಕಿನ ದಾರಿಯಲ್ಲಿ.

ಪಾದ್ರಿಯೇ ಯಾಕೆ?

ಯಾಕೆಂದರೆ ಅವರಿಗೆ ಆಫೀಸ್ ಟೈಮ್ ಅನ್ನೋದೇ ಇಲ್ಲ. ಮನೆಯೇ ಆಫೀಸು. ನನ್ನ ಟೀಮಿನಲ್ಲಿ ಒಬ್ಬಳಿದ್ದಾಳೆ, ಅವಳ ತಂದೆ ಸಿಎಸ್‌ಐ ಸಭಾಪಾಲಕರಾಗಿದ್ದವರು. ಸಭೆಯವರೆಲ್ಲ ಅವರನ್ನು "ಅಯ್ಯನವರು" ಅಂತ ಕರೆಯೋದು, ತಾಯಿಯನ್ನು "ಅಮ್ಮನವರು". ಒಂದು ಸಲ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಹೇಳಿದಳು: "ಅಪ್ಪನಿಗೆ ಸಂಬಳ ಇತ್ತು, ಟ್ರಾನ್ಸ್‌ಫರ್ ಆರ್ಡರ್ ಇತ್ತು, ರಿಟೈರ್ ಆದಾಗ ಶಾಲು ಹಾರ ಎಲ್ಲ ಇತ್ತು. ಅಮ್ಮನಿಗೆ ಇವು ಯಾವುದೂ ಇರಲಿಲ್ಲ. ಆದರೆ ರಾತ್ರಿ ಹತ್ತು ಗಂಟೆಗೆ ಯಾರಾದರೂ ಅಳ್ತಾ ಬಂದರೆ ಬಾಗಿಲು ತೆಗೀತಾ ಇದ್ದಿದ್ದು ಅಮ್ಮ."

ಭಾನುವಾರದ ಆರಾಧನೆ ಕಣ್ಣಿಗೆ ಕಾಣೋ ಕೆಲಸ. ಕಾಣದ ಕೆಲಸ ಉಳಿದ ಆರು ದಿನದ್ದು: ದೀಕ್ಷಾಸ್ನಾನ, ಮದುವೆ, ಸಾವು, ಆಸ್ಪತ್ರೆ, ಗಂಡ ಹೆಂಡತಿ ಜಗಳದ ಪಂಚಾಯ್ತಿ, ಹೊಲದ ತಕರಾರು. ಒಬ್ಬರೇ ಪಾದ್ರಿ ಸುತ್ತಮುತ್ತಲಿನ ನಾಲ್ಕಾರು ಹಳ್ಳಿಗಳನ್ನು ನೋಡಿಕೊಳ್ಳೋದೂ ಉಂಟು. ಕೆಲವು ವರ್ಷಕ್ಕೊಮ್ಮೆ ವರ್ಗ. ಅವಳು ಎಸ್ಸೆಸ್ಸೆಲ್ಸಿ ಮುಗಿಸೋ ಹೊತ್ತಿಗೆ ನಾಲ್ಕು ಸ್ಕೂಲು ನೋಡಿದ್ದಳಂತೆ. "ಪ್ರತಿ ಊರಲ್ಲೂ ಹೊಸ ಫ್ರೆಂಡ್ಸ್ ಮಾಡ್ಕೊಳ್ಳೋದು ಕಷ್ಟ ಅನ್ನಿಸಲಿಲ್ಲ ಕಣೋ, ಬಿಟ್ಟು ಬರೋದು ಕಷ್ಟ" ಅಂದಳು.

ಅವಳ ಮಾತು ಕೇಳಿದ ಮೇಲೆ ನಮ್ಮ ಕಡೆಯ ಹಳೇ ಕಾಲದ ಪಾದ್ರಿಗಳ ಕಥೆ ಹುಡುಕಿದೆ. ಸಿಕ್ಕಿದ್ದು ಪಕ್ಕದ ತಾಲ್ಲೂಕಿನಲ್ಲೇ.

ಗುಬ್ಬಿಗೆ ಬಂದವರು

ನಮ್ಮ ವಸಂತನರಸಾಪುರ ಅಂದರೆ ಈಗ ಎಲ್ಲರಿಗೂ ಇಂಡಸ್ಟ್ರಿಯಲ್ ಏರಿಯಾ ನೆನಪಾಗುತ್ತೆ, 2014ರಲ್ಲಿ ಉದ್ಘಾಟನೆಯಾದ ಫುಡ್ ಪಾರ್ಕ್ ನೆನಪಾಗುತ್ತೆ. ಇಲ್ಲಿಂದ ತುಮಕೂರಿಗೆ ಬಂದು ಬಿ.ಎಚ್. ರೋಡ್ ಹಿಡಿದರೆ ಗುಬ್ಬಿ. ಗುಬ್ಬಿ ಅಂದರೆ ನಮಗೆ ವೀರಣ್ಣನವರ ನಾಟಕ ಕಂಪನಿ, ಚನ್ನಬಸವೇಶ್ವರ ಜಾತ್ರೆ, ಈಚೆಗೆ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. ಆದರೆ ವೀರಣ್ಣನವರ ಕಂಪನಿ ಹುಟ್ಟೋದಕ್ಕೂ ಸುಮಾರು ಅರ್ಧ ಶತಮಾನ ಮೊದಲು, 1837ರಲ್ಲಿ, ಥಾಮಸ್ ಹಾಡ್ಸನ್ ಅನ್ನೋ ಇಂಗ್ಲಿಷ್ ಪಾದ್ರಿ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಕೆಲಸ ಶುರು ಮಾಡಿದರು. ಬೆಂಗಳೂರಿನಿಂದ ಆಚೆ, ಕನ್ನಡ ಮಾತಾಡೋ ಹಳ್ಳಿಗಾಡಿನಲ್ಲಿ ಆ ಮಿಷನ್ ತೆರೆದ ಮೊದಮೊದಲ ಕೇಂದ್ರಗಳಲ್ಲಿ ಇದೂ ಒಂದು.

ಆ ಕಾಲವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಮೈಸೂರು ರಾಜ್ಯದ ಆಡಳಿತ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೈಯಲ್ಲಿತ್ತು. ರೈಲು ಇಲ್ಲ, ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿದ್ದೇ 1884ರಲ್ಲಿ. ಸೂಯೆಜ್ ಕಾಲುವೆ ಇಲ್ಲ. ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸಿದ ಕಾಗದ ತಲುಪಿ ಉತ್ತರ ವಾಪಸ್ ಬರೋಕೆ ತಿಂಗಳುಗಟ್ಟಲೆ ಕಾಯಬೇಕು. ಹೆತ್ತವರು ಬದುಕಿದ್ದಾರೋ ಇಲ್ಲವೋ ಅನ್ನೋ ಸುದ್ದಿಯೂ ಅಷ್ಟೇ ತಡ.

ಹಾಡ್ಸನ್ ಕನ್ನಡವನ್ನು ಚೆನ್ನಾಗಿ ಕಲಿತರು. ಮುಂದೆ 1859ರಲ್ಲಿ ಕನ್ನಡ ಕಲಿಯುವವರಿಗಾಗಿ ಒಂದು ವ್ಯಾಕರಣ ಬರೆದರು. ವಯಸ್ಸಾದ ಮೇಲೆ, 1877ರಲ್ಲಿ, ಗುಬ್ಬಿ ಸೀಮೆಯ ಒಬ್ಬ ಹಳ್ಳಿಗನ ಬಗ್ಗೆಯೇ ಒಂದು ಪುಸ್ತಕ ತಂದರು. ಕ್ರೈಸ್ತನಾಗಿ ಡೇನಿಯಲ್ ಅಂತ ಹೆಸರು ಪಡೆದ ವ್ಯಕ್ತಿ ಆತ. ಅದರ ಜೊತೆಗೇ ನಮ್ಮ ಹಳ್ಳಿಗಳ ಬದುಕಿನ ವಿವರಣೆಯನ್ನೂ ಸೇರಿಸಿದ್ದಾರೆ.

1839ರಲ್ಲಿ ಗುಬ್ಬಿಗೆ ಇನ್ನೊಬ್ಬರು ಬಂದರು. ಐರ್ಲೆಂಡಿನ ವಿಲಿಯಂ ಆರ್ಥರ್. ವಯಸ್ಸು ಬರೀ 20. ಮದುವೆ ಆಗಿಲ್ಲ, ಗೊತ್ತಿರೋ ಊರಲ್ಲ, ಗೊತ್ತಿರೋ ಭಾಷೆಯಲ್ಲ. ಕ್ಯಾಂಪಸ್ ಪ್ಲೇಸ್‌ಮೆಂಟ್ ಆಗಿ ಮೊದಲ ಸಲ ಊರು ಬಿಟ್ಟ ಹುಡುಗನ ವಯಸ್ಸು ಅದು. ಆದರೆ ಎರಡೇ ವರ್ಷದಲ್ಲಿ ಆರೋಗ್ಯ ಕೈಕೊಟ್ಟಿತು, ಕಣ್ಣಿನ ತೊಂದರೆ ವಿಪರೀತ ಆಯಿತು. 1841ರಲ್ಲಿ ವಾಪಸ್ ಹೋಗಬೇಕಾಯಿತು. 1847ರಲ್ಲಿ ಮೈಸೂರು ಸೀಮೆಯ ಅನುಭವವನ್ನು ದೊಡ್ಡ ಪುಸ್ತಕವಾಗಿ ಬರೆದರು. ಮುಂದೆ 1866ರಲ್ಲಿ ಅವರ ಪಂಥದ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು.

ಒಂದು ಮಾತು ನೇರವಾಗಿ ಹೇಳಿಬಿಡಬೇಕು. ಇವರೆಲ್ಲ ಬಂದಿದ್ದು ಧರ್ಮಪ್ರಚಾರಕ್ಕೆ. ಅದನ್ನು ಅವರೂ ಮುಚ್ಚಿಟ್ಟಿಲ್ಲ. ಮತಾಂತರದ ಬಗ್ಗೆ ನಿಮಗೊಂದು ಅಭಿಪ್ರಾಯ ಇರಬಹುದು, ನನಗೊಂದು ಇರಬಹುದು. ಅದರ ಚರ್ಚೆ ಇವತ್ತಿನದಲ್ಲ. ನಾನು ನೋಡ್ತಿರೋದು ಒಂದೇ ವಿಷಯ: ಯಾವ ಉದ್ದೇಶಕ್ಕೇ ಆಗಲಿ, ಒಬ್ಬ ಮನುಷ್ಯ ತನ್ನನ್ನು ಪೂರ್ತಿ ಕೊಟ್ಟುಕೊಂಡಾಗ ಅವನ ಮನೆಯಲ್ಲಿ ಏನಾಗುತ್ತೆ?

ಆರ್ಥರ್ ಒಂಟಿ. ಅವರ ಸೇವೆಯ ಬಿಲ್ಲು ಅವರ ಕಣ್ಣಿಗೇ ಬಂತು. ಮದುವೆ ಆಗಿ ಮಕ್ಕಳಿದ್ದವರ ಬಿಲ್ಲು ಯಾರ ಹೆಸರಿಗೆ ಹೋಯಿತು ಅಂತ ನೋಡಬೇಕಾದರೆ ಬಂಗಾಳದ ಕಡೆ ಒಂದು ಸುತ್ತು ಹೋಗಿಬರಬೇಕು.

ಕೇರಿಯವರ ಕನ್ನಡ ವ್ಯಾಕರಣ

ಕನ್ನಡ ಕಲಿಯುವವರಿಗೆ ಇಂಗ್ಲಿಷಿನಲ್ಲಿ ಅಚ್ಚಾದ ಮೊದಮೊದಲ ವ್ಯಾಕರಣಗಳಲ್ಲಿ ಒಂದು ಬಂದಿದ್ದು ಕನ್ನಡನಾಡಿನಿಂದಲ್ಲ, ಕಲ್ಕತ್ತದ ಹತ್ತಿರದ ಸೆರಾಂಪುರದಿಂದ, 1817ರಲ್ಲಿ. ಬರೆದವರು ವಿಲಿಯಂ ಕೇರಿ. ಕೇರಿ ಮೊದಲು ಚಪ್ಪಲಿ ಹೊಲಿಯುವ ಕೆಲಸ ಮಾಡ್ತಿದ್ದವರು. ಇಂಗ್ಲೆಂಡಿನ ಮೌಲ್ಟನ್ ಅನ್ನೋ ಹಳ್ಳಿಯಲ್ಲಿ ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದರು. ಸಂಬಳ ಸಾಲದೆ ಅಲ್ಲೂ ಚಪ್ಪಲಿ ಹೊಲಿದು, ಮಕ್ಕಳಿಗೆ ಪಾಠ ಹೇಳಿ ಸಂಸಾರ ನಡೆಸಿದರು. 1793ರಲ್ಲಿ ಇಂಡಿಯಾಕ್ಕೆ ಹೊರಟು ನಿಂತರು.

ಅವರ ಹೆಂಡತಿ ಡೊರೊಥಿ ಮೊದಲು "ನಾನು ಬರೋದಿಲ್ಲ" ಅಂದರು. ಕೊನೆಗೆ, ತಂಗಿಯನ್ನು ಜೊತೆಗೆ ಕರೆದುಕೊಂಡು ಬರೋ ಒಪ್ಪಂದದ ಮೇಲೆ ಹಡಗು ಹತ್ತಿದರು. ಕಂಕುಳಲ್ಲಿ ಕೂಸು, ಜೊತೆಗೆ ಮೂವರು ಗಂಡುಮಕ್ಕಳು. ಐದು ತಿಂಗಳ ಪ್ರಯಾಣ. ಮರುವರ್ಷ, 1794ರಲ್ಲಿ, ಐದು ವರ್ಷದ ಮಗ ಪೀಟರ್ ಕಾಯಿಲೆಯಿಂದ ತೀರಿಕೊಂಡ. ಡೊರೊಥಿಯ ಮನಸ್ಸು ಆಮೇಲೆ ಸರಿಹೋಗಲೇ ಇಲ್ಲ. 1807ರಲ್ಲಿ ಸಾಯುವ ತನಕ, ಹೆಚ್ಚುಕಡಿಮೆ 12 ವರ್ಷ, ತೀವ್ರ ಮಾನಸಿಕ ಕಾಯಿಲೆಯಲ್ಲೇ ಬದುಕಿದರು. ಕೇರಿ ಒಂದು ಕೋಣೆಯಲ್ಲಿ ಅನುವಾದ ಮಾಡ್ತಿದ್ದರೆ ಡೊರೊಥಿ ಪಕ್ಕದ ಕೋಣೆಯಲ್ಲಿ ಇರ್ತಿದ್ದರು. ಅವರ ಕೂಗಾಟ ಗೋಡೆ ದಾಟಿ ಬರ್ತಿತ್ತು.

ಕೇರಿ ಕೆಟ್ಟ ಗಂಡ ಅಂತ ತೀರ್ಪು ಕೊಡೋದು ಸುಲಭ. ಆದರೆ ಆ ಕಾಲದಲ್ಲಿ ಇಂಥ ಕಾಯಿಲೆಗೆ ಔಷಧಿಯೇ ಇರಲಿಲ್ಲ. ಹುಚ್ಚಾಸ್ಪತ್ರೆಗೆ ಸೇರಿಸಿಬಿಡಿ ಅಂತ ಹೇಳಿದವರಿದ್ದರೂ ಅವರು ಸೇರಿಸಲಿಲ್ಲ, ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಇದೂ ನಿಜ. ಅವರ ಕೆಲಸದ ಪಟ್ಟಿ ದೊಡ್ಡದು, ಅದೂ ನಿಜ. ಆ ಪಟ್ಟಿಯ ಪಕ್ಕದಲ್ಲಿ ಡೊರೊಥಿಯ ಹೆಸರನ್ನು ಯಾರೂ ಬರೆಯಲ್ಲ, ಇದು ಮೂರನೇ ನಿಜ.

ಇದು ಒಂದು ಮನೆಯ ದುರಂತ ಅಂತ ಸುಮ್ಮನಾಗೋ ಹಾಗೂ ಇಲ್ಲ. ಮಂಗಳೂರು, ಧಾರವಾಡ, ಕೊಡಗಿನ ಕಡೆ ಕೆಲಸ ಮಾಡಿದ ಬಾಸೆಲ್ ಮಿಷನ್ನಿನಲ್ಲಿ ಇದು ನಿಯಮವಾಗಿಯೇ ಇತ್ತು. ಮಿಷನರಿ ಮೊದಲ ಎರಡು ವರ್ಷ ಮದುವೆಗೆ ಅರ್ಜಿ ಹಾಕೋ ಹಾಗಿರಲಿಲ್ಲ. ಆಮೇಲೂ ಸಮಿತಿ ಒಪ್ಪಬೇಕು. ಎಷ್ಟೋ ಹೆಣ್ಣುಮಕ್ಕಳು ಕೈಹಿಡಿಯೋ ಗಂಡನ ಪರಿಚಯವೇ ಇಲ್ಲದೆ ಹಡಗು ಹತ್ತಿದರು. ಇಲ್ಲಿ ಹುಟ್ಟಿದ ಮಕ್ಕಳನ್ನು ಶಾಲೆಗೆ ಸೇರೋ ವಯಸ್ಸಿಗೆ ಯುರೋಪಿಗೆ ಕಳಿಸಬೇಕಿತ್ತು. ಅಂಥ ಮಕ್ಕಳಿಗಾಗಿಯೇ 1853ರಲ್ಲಿ ಬಾಸೆಲ್ ಊರಿನಲ್ಲಿ ಒಂದು ಮನೆ ತೆರೆದರು. ಅಪ್ಪ ಅಮ್ಮನ ಮುಖ ಮತ್ತೆ ಕಾಣೋಕೆ ವರ್ಷಗಟ್ಟಲೆ ಬೇಕು. ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಾಯಿ ಮರಿ ಗುಂಡರ್ಟ್ 1842ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ತಲಶ್ಶೇರಿಯಲ್ಲಿ. ಅವರನ್ನೂ ತೀರಾ ಎಳೆಯ ವಯಸ್ಸಿನಲ್ಲೇ ಯುರೋಪಿನಲ್ಲಿ ಬಿಟ್ಟು ತಂದೆ ತಾಯಿ ಇಲ್ಲಿಗೆ ಮರಳಿದ್ದರು.

ಅಂದರೆ ಹೊಂದಾಣಿಕೆ ಆಗದಿದ್ದಾಗ ಬಗ್ಗಬೇಕಾದ್ದು ಮನೆ, ಕೆಲಸ ಅಲ್ಲ. ಅದು ಅಲ್ಲಿನ ಡೀಫಾಲ್ಟ್ ಸೆಟ್ಟಿಂಗ್. ಈ ಸೆಟ್ಟಿಂಗನ್ನು ಒಂದು ಸಲ ಬದಲಾಯಿಸಿದವರು ಒಬ್ಬರಿದ್ದಾರೆ. ನಮಗೆಲ್ಲ ಅವರ ಹೆಸರು ಗೊತ್ತು, ಆದರೆ ಬೇರೆ ಕಾರಣಕ್ಕೆ.

ಮೋಗ್ಲಿಂಗ್: ಪತ್ರಿಕೆಯಿಂದ ಹಳ್ಳಿಗೆ

ಪ್ರತಿ ವರ್ಷ ಜುಲೈ 1ಕ್ಕೆ ಕರ್ನಾಟಕದಲ್ಲಿ ಪತ್ರಿಕಾ ದಿನ ಮಾಡ್ತೀವಲ್ಲ, ಅದಕ್ಕೆ ಕಾರಣ ಹೆರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ಹೊರಟಿದ್ದು ಅವರಿಂದ. ಕಲ್ಲಚ್ಚಿನಲ್ಲಿ ಮುದ್ರಿಸಿದ ಪಾಕ್ಷಿಕ. ಮರುವರ್ಷ ಅದು ಬಳ್ಳಾರಿಗೆ ಹೋಗಿ ಹೆಸರು ಬದಲಾಯಿಸಿಕೊಂಡಿತು.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ. ಮಂಗಳೂರಿಗೆ ಬಂದಿದ್ದು 1836ರಲ್ಲಿ. ಮೊದಲ 20 ವರ್ಷ ಅವರು ಮಾಡಿದ ಕೆಲಸದ ಪಟ್ಟಿ ನೋಡಿದರೆ ನಮ್ಮ ಯಾವ ರೆಸ್ಯೂಮೆಯೂ ಹತ್ತಿರ ನಿಲ್ಲಲ್ಲ. 1847ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ದೈವಶಾಸ್ತ್ರದ ಶಾಲೆ. ಕನ್ನಡ ಗಾದೆಗಳ ಸಂಗ್ರಹ. 1848ರಿಂದ, ಕ್ಯಾಸಮೇಜರ್ ಅನ್ನೋ ನಿವೃತ್ತ ನ್ಯಾಯಾಧೀಶರ ಹಣದ ಸಹಾಯದಿಂದ, "ಬಿಬ್ಲಿಯೋಥಿಕಾ ಕರ್ನಾಟಿಕಾ" ಅನ್ನೋ ಮಾಲೆ. ತಾಳೆಗರಿಯಲ್ಲಿದ್ದ ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣದಂಥ ಕೃತಿಗಳು ಅಚ್ಚಿಗೆ ಬಂದಿದ್ದು ಈ ಮಾಲೆಯಲ್ಲಿ. 1850ರಲ್ಲಿ ಸುಮಾರು 170 ದಾಸರ ಪದಗಳನ್ನು ಪುಸ್ತಕ ಮಾಡಿದ್ದೂ ಇವರೇ. ತಾನು ನಂಬದ ಧರ್ಮದ ಪದಗಳನ್ನು ಒಬ್ಬ ಪಾದ್ರಿ ಕೂತು ಸಂಗ್ರಹಿಸಿ ಅಚ್ಚು ಹಾಕಿಸಿದರು ಅನ್ನೋದನ್ನ ಇವತ್ತಿನ ಕಾಲದಲ್ಲಿ ಎರಡು ಸಲ ಓದಿಕೊಳ್ಳಬೇಕು.

ಈ ಎಲ್ಲ ವರ್ಷ ಮೋಗ್ಲಿಂಗ್ ಒಂಟಿಯಾಗಿಯೇ ಇದ್ದರು. 1853ರಲ್ಲಿ ಮಂಗಳೂರು ಬಿಟ್ಟು ಕೊಡಗಿಗೆ ಹೋದರು. ಕೊಡಗು ಬ್ರಿಟಿಷರ ಕೈಗೆ ಹೋಗಿ ಇನ್ನೂ 20 ವರ್ಷವೂ ಆಗಿರಲಿಲ್ಲ. ಅಲ್ಲಿಂದ ಅವರು ನಿಜವಾದ ಅರ್ಥದಲ್ಲಿ ಹಳ್ಳಿ ಪಾದ್ರಿ ಆದರು. 1855ರಲ್ಲಿ ಕೊಡಗಿನ ಬಗ್ಗೆ ಒಂದು ಪುಸ್ತಕ ಬರೆದರು. ಜಮ್ಮಾ ಒಡೆಯರ ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತದ ಹಾಗೆ ದುಡಿಯುತ್ತಿದ್ದ ಹೊಲೆಯರ ಕುಟುಂಬಗಳಿಗಾಗಿ, ಸಿದ್ದಾಪುರದ ಹತ್ತಿರ ಕಾಡು ಕಡಿಸಿ ಒಂದು ಊರು ಕಟ್ಟಿದರು. ಹೆಸರು ಆನಂದಪುರ. ಕಾಫಿ ತೋಟ, ವಾಸಕ್ಕೆ ಮನೆ, ಶಾಲೆ, ಪ್ರಾರ್ಥನಾಮಂದಿರ. ಪತ್ರಿಕೆ ನಡೆಸಿದವರು, ತಾಳೆಗರಿ ತಿದ್ದಿದವರು ಈಗ ಕೂಲಿ ಲೆಕ್ಕ, ಬೆಳೆಯ ಲೆಕ್ಕ, ಜ್ವರ ಬಂದವರ ಲೆಕ್ಕ ಇಡಬೇಕಾಯಿತು.

ಪೌಲಿನ್ ಅವರ ಮನೆ

ಇದೇ ಹೊತ್ತಿನಲ್ಲಿ ಅವರ ಬದುಕಿನಲ್ಲಿ ಇನ್ನೊಂದು ತಿರುವು ಬಂತು. ಮೋಗ್ಲಿಂಗ್‌ಗೆ ಗಾಟ್‌ಫ್ರೀಡ್ ವೈಗ್ಲೆ ಅನ್ನೋ ಬಂಧು ಇದ್ದರು. ಅವರೂ ಬಾಸೆಲ್ ಮಿಷನ್ನಿನವರೇ, ಕನ್ನಡ ಬೈಬಲ್ ಅನುವಾದವನ್ನು ತಿದ್ದುವ ಕೆಲಸದಲ್ಲಿ ಮುಳುಗಿದ್ದವರು. 1855ರಲ್ಲಿ ವೈಗ್ಲೆ ಮಂಗಳೂರಿನಲ್ಲೇ ತೀರಿಕೊಂಡರು, 40 ಕೂಡ ಆಗಿರಲಿಲ್ಲ. ಹೆಂಡತಿ ಪೌಲಿನ್ ಮತ್ತು ನಾಲ್ಕು ಮಕ್ಕಳು ಉಳಿದರು. ಆಮೇಲೆ ಮೋಗ್ಲಿಂಗ್ ಪೌಲಿನ್ ಅವರನ್ನು ಮದುವೆಯಾದರು. 40 ದಾಟಿದ, ಅಲ್ಲಿತನಕ ಸಂಸಾರವನ್ನೇ ಕಾಣದ ಮನುಷ್ಯ ಒಂದೇ ಸಲಕ್ಕೆ ಗಂಡನೂ ಆದರು, ನಾಲ್ಕು ಮಕ್ಕಳ ಅಪ್ಪನೂ ಆದರು.

ಪೌಲಿನ್ ಕಡೆಯಿಂದ ಯೋಚಿಸಿ ನೋಡಿ. ಬಂದ ದೇಶದಲ್ಲಿ ಗಂಡನನ್ನು ಮಣ್ಣು ಮಾಡಿದ್ದಾರೆ. ಮತ್ತೆ ಕಟ್ಟಿಕೊಂಡ ಬದುಕು ಕೊಡಗಿನ ಕಾಡಿನ ನಡುವೆ, ಮಳೆಗಾಲದಲ್ಲಿ. ಮಿಷನರಿಗಳ ಹೆಂಡತಿಯರಿಗೆ ಸಂಬಳ ಇಲ್ಲದಿದ್ದರೂ ಕೆಲಸ ಮಾತ್ರ ತಪ್ಪಿದ್ದಲ್ಲ: ಹೆಣ್ಣುಮಕ್ಕಳಿಗೆ ಓದು ಬರಹ, ಹೊಲಿಗೆ ಹೇಳಿಕೊಡೋದು, ಬಂದುಹೋಗುವವರಿಗೆ ಅಡಿಗೆ, ಕಾಯಿಲೆ ಬಿದ್ದವರ ಆರೈಕೆ. ನನ್ನ ಟೀಮಿನವಳು ತನ್ನ ಅಮ್ಮನ ಬಗ್ಗೆ ಹೇಳಿದ್ದು ನೆನಪಿದೆಯಲ್ಲ? ನೂರೈವತ್ತು ವರ್ಷ ಕಳೆದರೂ ಜಾಬ್ ಡಿಸ್ಕ್ರಿಪ್ಷನ್ ಅಷ್ಟೇನೂ ಬದಲಾಗಿಲ್ಲ.

ಪೌಲಿನ್ ಆರೋಗ್ಯ ಕೆಟ್ಟಿತು. ಆಗ ಮೋಗ್ಲಿಂಗ್ ಮುಂದೆ ಇದ್ದ ದಾರಿಗಳು ಸ್ಪಷ್ಟ. ಹೆಂಡತಿಯನ್ನು ಕಳಿಸಿ ತಾನು ಉಳಿಯಬಹುದಿತ್ತು. ಆ ಕಾಲದಲ್ಲಿ ಎಷ್ಟೋ ಜನ ಹಾಗೇ ಮಾಡಿದ್ದರು, ಅದನ್ನು ತ್ಯಾಗ ಅಂತ ಹೊಗಳೋರೂ ಇದ್ದರು. ಇನ್ನೂ ಕೆಲವು ವರ್ಷ ನೋಡೋಣ ಅಂತ ತಳ್ಳಬಹುದಿತ್ತು. ಆನಂದಪುರ ಆಗಷ್ಟೇ ಬೇರು ಬಿಡ್ತಿತ್ತು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕನ್ನಡದ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಅಂದರೆ ಕೆರಿಯರ್ ಗ್ರಾಫ್ ಮೇಲೇರ್ತಿರೋ ಹೊತ್ತು.

1860ರಲ್ಲಿ ಮೋಗ್ಲಿಂಗ್ ಸಂಸಾರ ಸಮೇತ ಜರ್ಮನಿಗೆ ಹೊರಟರು. ಮತ್ತೆ ಇಲ್ಲಿಗೆ ಬರಲಿಲ್ಲ. 24 ವರ್ಷದ ಕನ್ನಡದ ಬದುಕು ಅಲ್ಲಿಗೆ ಮುಗಿಯಿತು.

ಬಿಟ್ಟು ಹೋದ ಕೆಲಸ ಏನಾಯಿತು?

ನಮ್ಮ ಫೀಲ್ಡಿನಲ್ಲಿ ಒಂದು ಭಯ ಇದೆ: ನಾನು ಇಲ್ಲದಿದ್ದರೆ ಪ್ರಾಜೆಕ್ಟ್ ಬಿದ್ದುಹೋಗುತ್ತೆ. ರಜೆ ಹಾಕೋಕೂ ಹೆದರೋದು ಇದಕ್ಕೇ. ಮೋಗ್ಲಿಂಗ್ ಹೋದ ಮೇಲೆ ಏನಾಯಿತು ನೋಡಿ.

ಆನಂದಪುರವನ್ನು ಹೆರ್ಮನ್ ಆನಂದರಾವ್ ಕೌಂಡಿನ್ಯ ನೋಡಿಕೊಂಡರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ, 1844ರಲ್ಲಿ ಮೋಗ್ಲಿಂಗ್ ಪ್ರಭಾವದಿಂದ ಕ್ರೈಸ್ತರಾದರು. ಊರಿನಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದರು. 1860ರಲ್ಲಿ ಜರ್ಮನಿಯ ಮರಿ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಜಾತಿ, ಬಂಧುಬಳಗ ಎಲ್ಲ ಬಿಟ್ಟು ಬಂದಿದ್ದ ಅವರಿಗೆ ಈ ಮನೆಯೇ ಹೊಸ ಬಂಧುಬಳಗ. 1893ರಲ್ಲಿ ತೀರಿಕೊಂಡರು. ಆನಂದಪುರ ಇವತ್ತಿಗೂ ಇದೆ, ಅಲ್ಲಿನ ಚರ್ಚೂ ಇದೆ.

ಕನ್ನಡದ ಕೆಲಸ ಫರ್ಡಿನಾಂಡ್ ಕಿಟೆಲ್ ಕೈಗೆ ಬಂತು. 1853ರಲ್ಲಿ ಇಲ್ಲಿಗೆ ಬಂದವರು ಅವರು. 1894ರಲ್ಲಿ 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಬೆಂಗಳೂರಿನ ಎಂ.ಜಿ. ರೋಡಿನಲ್ಲಿ ಅವರ ಪ್ರತಿಮೆ ಇದೆ, ಮೆಟ್ರೊ ಇಳಿದು ಹೋಗುವಾಗ ಎಷ್ಟೋ ಜನ ನೋಡಿರ್ತೀರಿ. ಅವರ ಮನೆಯ ಕಥೆಯನ್ನೂ ಒಂದು ಸಲ ಓದಿಕೊಳ್ಳಿ. 1860ರಲ್ಲಿ ಪೌಲಿನ್ ಐತ್ ಅವರ ಜೊತೆ ಮದುವೆ. ನಾಲ್ಕೇ ವರ್ಷದಲ್ಲಿ, 1864ರಲ್ಲಿ, ಪೌಲಿನ್ ತೀರಿಕೊಂಡರು. 1867ರಲ್ಲಿ ಅವರ ತಂಗಿ ಯೂಲಿಯನ್ನು ಮದುವೆಯಾದರು. ಆ 70,000 ಪದಗಳ ಹಿಂದೆ ಅಕ್ಕ ತಂಗಿ ಇಬ್ಬರ ಬದುಕೂ ಇದೆ. ಪ್ರತಿಮೆ ಒಂದೇ.

ಮೋಗ್ಲಿಂಗ್ ಜರ್ಮನಿಯಲ್ಲಿ ಸುಮ್ಮನೆ ಕೂತರಾ? ಅದೂ ಇಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದು ಅಲ್ಲಿನ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1866ರಲ್ಲಿ ಇನ್ನೊಬ್ಬರ ಜೊತೆ ಸೇರಿ ಕೊಡಗಿನ ಬಗ್ಗೆ ಜರ್ಮನ್‌ನಲ್ಲಿ ಪುಸ್ತಕ ಬರೆದರು. 1881ರಲ್ಲಿ ಎಸ್‌ಲಿಂಗನ್‌ನಲ್ಲಿ ತೀರಿಕೊಂಡರು. ಊರು ಬದಲಾಯಿತು, ಕೆಲಸದ ಅಳತೆ ಚಿಕ್ಕದಾಯಿತು. ಕನ್ನಡ ಬಿಡಲಿಲ್ಲ, ಮನೆಯನ್ನೂ ಬಿಡಲಿಲ್ಲ.

ಇವತ್ತು ಜುಲೈ 1ರ ಭಾಷಣಗಳಲ್ಲಿ 1843 ಬರುತ್ತೆ. 1860 ಬರಲ್ಲ. ನನಗೆ ಅವರ ಬದುಕಿನಲ್ಲಿ ಎರಡೂ ವರ್ಷ ಅಷ್ಟೇ ಮುಖ್ಯ ಅನ್ನಿಸುತ್ತೆ. ಪತ್ರಿಕೆ ಶುರು ಮಾಡೋಕೆ ಧೈರ್ಯ ಬೇಕು, ಒಪ್ಪಿದೆ. ಕೈಯಾರೆ ಕಟ್ಟಿದ್ದನ್ನು ಇನ್ನೊಬ್ಬರ ಕೈಗಿಟ್ಟು, ಕಾಯಿಲೆಯ ಹೆಂಡತಿ ಜೊತೆ ಹಡಗು ಹತ್ತೋಕೂ ಧೈರ್ಯ ಬೇಕು.

ಮೈಸೂರಿನ ಒಂದು ಆಸ್ಪತ್ರೆ

ಇನ್ನೊಂದು ಹೆಸರು ಹೇಳದೆ ಮುಗಿಸೋಕೆ ಮನಸ್ಸಿಲ್ಲ. ಗುಬ್ಬಿಗೆ ಬಂದಿದ್ದ ಅದೇ ವೆಸ್ಲಿಯನ್ ಮಿಷನ್ ಆಮೇಲೆ ತುಮಕೂರು, ಹಾಸನ, ಮೈಸೂರು ಎಲ್ಲ ಕಡೆ ಹರಡಿತು. 1876ರಿಂದ 78ರ ಮಹಾ ಬರದಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ ಎಷ್ಟು ಕುಸಿಯಿತು ಗೊತ್ತಾ? 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದದ್ದು 1881ರಲ್ಲಿ 42 ಲಕ್ಷದ ಆಸುಪಾಸು. ಆ ಬರದಲ್ಲಿ ದಿಕ್ಕಿಲ್ಲದಾದ ಗಂಡುಮಕ್ಕಳಿಗೆ ನಮ್ಮ ತುಮಕೂರಿನಲ್ಲಿ ಮಿಷನ್ ಆಶ್ರಯ ಕೊಟ್ಟಿತು. ಮನೆ ಕಳೆದುಕೊಂಡವರಿಗೆ ಸೇವೆಯೇ ಮನೆಯಾಗಿದ್ದೂ ಉಂಟು ಅನ್ನೋದಕ್ಕೆ ಇದನ್ನು ಹೇಳಿದೆ.

ಮೈಸೂರಿನಲ್ಲಿ ಈ ಮಿಷನ್ನಿನ ವಿಲಿಯಂ ವೆಸ್ಟ್ ಹೋಲ್ಡ್ಸ್‌ವರ್ತ್ ಅನ್ನೋ ಪಾದ್ರಿ ಇದ್ದರು. ಅವರ ಹೆಂಡತಿ ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಇಲ್ಲಿನ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡಿದವರು. ಅವರು ತೀರಿಕೊಂಡ ಮೇಲೆ ಅವರ ನೆನಪಿಗೆ 1906ರಲ್ಲಿ ಒಂದು ಆಸ್ಪತ್ರೆ ಶುರುವಾಯಿತು. ಮೈಸೂರಿನವರು "ಮಿಷನ್ ಆಸ್ಪತ್ರೆ" ಅಂತ ಕರೆಯೋದು ಅದನ್ನೇ. ಎಷ್ಟೋ ಮೈಸೂರಿಗರು ಹುಟ್ಟಿದ್ದೇ ಅಲ್ಲಿ. ಪಕ್ಕದ ಕೋಣೆಯವರ ಹೆಸರು ಬಾಗಿಲ ಮೇಲೆ ಬರೆದಿರೋದು ಅಪರೂಪ. ಇಲ್ಲಿ ಬರೆದಿದ್ದಾರೆ.

ನಮ್ಮ ಕೋಣೆ, ನಮ್ಮ ಗೋಡೆ

ಇಷ್ಟೆಲ್ಲ ಹೇಳಿದ್ದು ಸೇವೆ ಬಿಟ್ಟು ಮನೆಯಲ್ಲಿ ಕೂರಿ ಅನ್ನೋಕಲ್ಲ. ಹಾಡ್ಸನ್ ವ್ಯಾಕರಣ, ಕಿಟೆಲ್ ನಿಘಂಟು ಇಲ್ಲದಿದ್ದರೆ ಕನ್ನಡಕ್ಕೆ ನಷ್ಟ ಆಗ್ತಿತ್ತು. ಊರಿಗೆ ಬೇಕಾದವರು ಊರಿಗೆ ಹೋಗಲೇಬೇಕು. ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ನೈಟ್ ಶಿಫ್ಟ್ ಮಾಡೋರು, ವೀಕೆಂಡಿನಲ್ಲಿ ಹಳ್ಳಿ ಶಾಲೆಗೆ ಪಾಠ ಹೇಳೋಕೆ ಹೋಗೋರು, ಆನ್‌ಸೈಟ್ ಅಂತ ಎರಡು ವರ್ಷ ದೇಶ ಬಿಟ್ಟಿರೋರು, ಎಲ್ಲರಿಗೂ ಅವರವರ ಕಾರಣ ಇದೆ.

ನನ್ನ ಮಾತು ಲೆಕ್ಕದ ಬಗ್ಗೆ ಮಾತ್ರ. ನಾವು ವರ್ಕ್ ಫ್ರಂ ಹೋಮ್ ತಲೆಮಾರಿನವರು, ಕೇರಿಯವರ ಹಾಗೇ ಒಂದು ಕೋಣೆಯಲ್ಲಿ ಕೂತು ಕೆಲಸ ಮಾಡೋರು. ಹೆಡ್‌ಫೋನ್ ಹಾಕಿಕೊಂಡಿರೋದರಿಂದ ಪಕ್ಕದ ಕೋಣೆಯ ಸದ್ದು ಕೇಳಿಸಲ್ಲ ಅಷ್ಟೇ. ಆದರೆ ಆ ಕೋಣೆಯಲ್ಲಿ ಮಗುವಿಗೆ ಊಟ ಮಾಡಿಸ್ತಿರೋರು, ಮಾವನಿಗೆ ಬಿಪಿ ಮಾತ್ರೆ ಕೊಡ್ತಿರೋರು, ಕಾಲ್ ಮುಗಿಯಲಿ ಅಂತ ಮಿಕ್ಸಿ ಹಾಕದೆ ಕಾಯ್ತಿರೋರು ಯಾರೋ ಒಬ್ಬರು ಇರ್ತಾರೆ. ಅಪ್ರೈಸಲ್ ಫಾರ್ಮಿನಲ್ಲಿ ಅವರಿಗೆ ಕಾಲಮ್ ಇಲ್ಲ.

ಮೋಗ್ಲಿಂಗ್ ಬದುಕಿನಿಂದ ನಾನು ಎರಡು ವಿಷಯ ಎತ್ತಿಟ್ಟುಕೊಂಡಿದ್ದೀನಿ. ಒಂದು, ನಮ್ಮ ಕೆಲಸವನ್ನು ಇನ್ನೊಬ್ಬರು ಎತ್ತಿಕೊಳ್ಳೋ ಹಾಗೆ ಇಟ್ಟಿರಬೇಕು. ಒಬ್ಬರನ್ನೇ ನಂಬಿ ನಿಂತ ಕೆಲಸ ಆ ಒಬ್ಬರ ಮನೆಯವರ ಪಾಲಿಗೆ ಜೈಲು. ಆನಂದಪುರಕ್ಕೆ ಕೌಂಡಿನ್ಯ ಇದ್ದಿದ್ದಕ್ಕೇ ಪೌಲಿನ್ ಊರಿಗೆ ಹೋಗೋಕೆ ಆಗಿದ್ದು. ಎರಡು, ಪಕ್ಕದ ಕೋಣೆಯವರನ್ನು ಕಾಯಿಲೆ ಬೀಳೋಕೆ ಮೊದಲೇ ಕೇಳಬೇಕು: "ನಿನಗೆ ಹೇಗಿದೆ? ಇದು ಇನ್ನೆಷ್ಟು ದಿನ ಆಗುತ್ತೆ ನಿನ್ನ ಕೈಲಿ?" ಉತ್ತರ ನಮಗೆ ಇಷ್ಟ ಆಗದೇ ಇರಬಹುದು. ಆದರೂ ಕೇಳಬೇಕು.

ಇನ್ನೊಂದು ಚಿಕ್ಕ ಕೆಲಸ ಎಲ್ಲರ ಕೈಲೂ ಆಗೋದು. ಮುಂದಿನ ಸಲ ಯಾರದಾದರೂ ನಿವೃತ್ತಿಗೆ, ಸನ್ಮಾನಕ್ಕೆ ನಾಲ್ಕು ಸಾಲು ಬರೆದುಕೊಡಿ ಅಂತ ನಿಮ್ಮನ್ನು ಕೇಳಿದರೆ, "ಕುಟುಂಬಕ್ಕೂ ಸೇವೆಗೂ ಮುಡಿಪಾಗಿಟ್ಟವರು" ಅಂತ ಬರೆಯೋ ಮುಂಚೆ ಅವರ ಮನೆಗೆ ಒಂದು ಫೋನ್ ಮಾಡಿ. ಅವರು ಊರ ಕೆಲಸಕ್ಕೆ ಹೋದಾಗ ಮನೆ ನೋಡಿಕೊಂಡವರು ಯಾರು ಅಂತ ಕೇಳಿ. ಆ ಹೆಸರನ್ನೂ ಅದೇ ಸಾಲಿನಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸಿ. ಫ್ಲೆಕ್ಸ್ ಅಂಗಡಿಯವನು ಅದಕ್ಕೇನೂ ಎಕ್ಸ್‌ಟ್ರಾ ದುಡ್ಡು ಕೇಳಲ್ಲ.